ನಾಲೆಯ ನೀರು, ಕ್ವಿನೈನಿನ ಬೆಲೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಇತ್ತೀಚಿನ ಚರಿತ್ರೆಯನ್ನು ಹೇಳುವವರು ವಿಶ್ವೇಶ್ವರಯ್ಯ ನಾಲೆಯಿಂದ ಮೊದಲುಮಾಡುವುದು ವಾಡಿಕೆ. ಅದು ನ್ಯಾಯವೂ ಅಹುದು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಇರ್ವಿನ್ ನಾಲೆಯೆಂಬ ಹೆಸರಿನಿಂದ, ನೀರು ಹುಲಿಕೆರೆಯ ಸುರಂಗವನ್ನು ದಾಟಿ ಈ ಬಯಲಿಗೆ ಇಳಿಯಿತು. ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. 1933ರಲ್ಲಿ ಸಕ್ಕರೆಯ ಕಂಪನಿ ಹುಟ್ಟಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಇವೆಲ್ಲವನ್ನೂ ವಾಚಕರು ಬಲ್ಲರು. ಆದರೆ ಆ ನೀರಿನೊಡನೆಯೇ ಹೆಚ್ಚಿದ ಚಳಿಜ್ವರದ ವಿಷಯವನ್ನು ನಮ್ಮ ಚರಿತ್ರಕಾರರು ಒಂದೆರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದಕ್ಕೆ ಬೇಕಾದ ಮದ್ದಿನ ಬೆಲೆಯ ವಿಷಯವನ್ನಂತೂ ಎತ್ತುವುದೇ ಇಲ್ಲ.

ಚಳಿಜ್ವರ ಈ ನಾಡಿಗೆ ಹೊಸದಲ್ಲ. 1799ರ ತರುವಾಯ ಶ್ರೀರಂಗಪಟ್ಟಣದಲ್ಲಿ ದಂಡಿಳಿಸಿದ ಇಂಗ್ಲಿಷರು ಅಲ್ಲಿಯ ಜ್ವರವನ್ನು ತಾಳಲಾರದೆ 1809ರ ಸುಮಾರಿಗೆ ತಮ್ಮ ಪಾಳೆಯವನ್ನು ಬೆಂಗಳೂರಿಗೆ ಸಾಗಿಸಿದರು. ಆದಾಗ್ಯೂ ಒಣಸೀಮೆಯ ಹಳ್ಳಿಗಳಿಗೆ ಒಂದು ರಕ್ಷಣೆಯಿತ್ತು: ಬೇಸಗೆಯಲ್ಲಿ ಸೊಳ್ಳೆ ಮೊಟ್ಟೆಯಿಡುವುದಕ್ಕೆ ನಿಂತ ನೀರು ದೊರೆಯುತ್ತಿರಲಿಲ್ಲ. ನಾಲೆ ಬಂದಮೇಲೆ ಆ ರಕ್ಷಣೆ ಹೋಯಿತು. ಕಾಲುವೆಯ ಬದಿಯ ಜೌಗು, ತೂಬಿನ ಕೆಳಗಿನ ಹೊಂಡ, ಗದ್ದೆಯ ಬದು, ಎಲ್ಲೆಲ್ಲಿಯೂ ಅನಾಫಿಲಿಸ್ ಸೊಳ್ಳೆಗೆ ತೊಟ್ಟಿಲು ಸಿದ್ಧವಾಯಿತು. ಮಕ್ಕಳ ಹೊಟ್ಟೆಯಲ್ಲಿ ಗುಲ್ಮವು ಬೆಳೆದು ಕೈಗೆ ಸಿಕ್ಕುವಂತಾಗುವುದನ್ನು ನಮ್ಮ ಅಜ್ಜಿಯರು ಜ್ವರಗಡ್ಡೆಯೆಂದು ಕರೆಯುತ್ತಿದ್ದರು. ಈಗಿನ ಹುಡುಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರುವುದು ಒಂದು ಭಾಗ್ಯವೇ ಸರಿ.

ಸಂಸ್ಥಾನದ ಸರ್ಕಾರವು ಕೈಕಟ್ಟಿ ಕುಳಿತಿರಲಿಲ್ಲ. 1920ರ ದಶಕದ ಕೊನೆಯಲ್ಲಿ, ನಾಲೆಯ ನೀರು ಹರಿಯುವುದಕ್ಕೆ ಮುಂಚೆಯೇ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವನ್ನು ಪಡೆದು, ಸ್ವೀಟ್ ಎಂಬ ವೈದ್ಯರನ್ನು ಬರಮಾಡಿಕೊಂಡು ಮಲೇರಿಯದ ಶೋಧನೆಯನ್ನು ಆರಂಭಿಸಿತು. ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿಯಲ್ಲಿ ಶೋಧನ ಕೇಂದ್ರವೊಂದು ಏರ್ಪಟ್ಟಿತು. ಮಂಡ್ಯದಲ್ಲಿ ಗ್ರಾಮಾಂತರದ ಆರೋಗ್ಯ ಘಟಕವು ಸ್ಥಾಪಿತವಾಯಿತು. ಸೊಳ್ಳೆಯ ಜಾತಿಯನ್ನು ಗುರುತಿಸುವುದು, ಗುಲ್ಮವನ್ನು ಮುಟ್ಟಿ ನೋಡಿ ಲೆಕ್ಕವಿಡುವುದು, ಹೊಂಡಗಳಿಗೆ ವಿಷಚೂರ್ಣವನ್ನು ಎರಚುವುದು, ಇಂಥ ಕೆಲಸಗಳು ಆಗ ಭಾರತದ ಅನೇಕ ಪ್ರಾಂತಗಳಿಗೆ ಹೊಸವು. ಕಟ್ಟೆ ನಮ್ಮದು, ನಾಲೆ ನಮ್ಮದು, ವೈದ್ಯರೂ ನಮ್ಮವರು. ಇಷ್ಟು ಮಟ್ಟಿಗೆ ಮೈಸೂರು ಸ್ವತಂತ್ರವಾಗಿಯೇ ನಡೆಯಿತೆನ್ನಬೇಕು. ಮದ್ದು ಮಾತ್ರ ನಮ್ಮದಾಗಿರಲಿಲ್ಲ.

ಅಂದಿನ ಮದ್ದು ಕ್ವಿನೈನ್. ಸಿಂಕೋನ ಮರದ ತೊಗಟೆಯಿಂದ ಅದನ್ನು ತೆಗೆಯುವ ಸರ್ಕಾರೀ ಕಾರ್ಖಾನೆಗಳು ಭಾರತದಲ್ಲಿ ಇದ್ದುದು ಎರಡೇ: ಬಂಗಾಳ ಸರ್ಕಾರಕ್ಕೆ ಸೇರಿದ ಮಂಗ್ಪೂವಿನದೊಂದು, ಮದರಾಸು ಸರ್ಕಾರಕ್ಕೆ ಸೇರಿದ ನೀಲಗಿರಿಯ ನಡುವಟ್ಟಂನದೊಂದು. ನಡುವಟ್ಟಂ ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ದಾರಿಯಲ್ಲಿಯೇ ಇದೆ. ನಮ್ಮ ಸಂಸ್ಥಾನದ ಎಲ್ಲೆಯಿಂದ ಬಹಳ ದೂರವಲ್ಲ. ಆದರೆ ದಾರಿಯ ದೂರ ಬೇರೆ, ಅಧಿಕಾರದ ದೂರ ಬೇರೆ. 1892ರಿಂದ ಬಂಗಾಳದಲ್ಲಿ ಕ್ವಿನೈನಿನ ಪೊಟ್ಟಣವನ್ನು ಅಂಚೆಯ ಮನೆಗಳಲ್ಲಿ ಕಾಲಾಣೆಗೆ, ಎಂದರೆ ನಮ್ಮ ಹಿರಿಯರ ಮಾತಿನಲ್ಲಿ ಮೂರು ಕಾಸಿಗೆ, ಮಾರುವ ಏರ್ಪಾಡು ನಡೆಯಿತು. ಅದು ಒಳ್ಳೆಯ ಉಪಾಯ. ಆದರೆ ದೇಶಕ್ಕೆ ಬೇಕಾದುದೆಲ್ಲ ದೇಶದಲ್ಲಿ ಆಗುತ್ತಿರಲಿಲ್ಲ. ಖರ್ಚಾಗುತ್ತಿದ್ದ ಕ್ವಿನೈನಿನಲ್ಲಿ ಇಲ್ಲಿ ತಯಾರಾದುದು ಮೂರರಲ್ಲಿ ಒಂದು ಪಾಲಿನಷ್ಟು. ಉಳಿದುದು ಡಚ್ಚರ ಜಾವಾದಿಂದ ಬರಬೇಕಾಗಿತ್ತು. ಅಲ್ಲಿಯ ತೋಟಗಾರರೂ ಯೂರೋಪಿನ ತಯಾರಕರೂ 1913ರಲ್ಲಿ ಒಪ್ಪಂದ ಮಾಡಿಕೊಂಡು ಆಮ್‌ಸ್ಟರ್‌ಡಾಮಿನಲ್ಲಿ ಕುಳಿತು ಲೋಕಕ್ಕೆಲ್ಲ ಬೆಲೆಯನ್ನು ಗೊತ್ತುಮಾಡುತ್ತಿದ್ದರು.

ಬೆಲೆ ಹೆಚ್ಚಾದರೆ ಬಡವನು ಮದ್ದನ್ನು ಪೂರ್ತಿಯಾಗಿ ಬಿಡುತ್ತಿದ್ದನೆಂದು ತಿಳಿಯಬಾರದು. ಅವನು ಅರ್ಧ ತೆಗೆದುಕೊಳ್ಳುತ್ತಿದ್ದನು. ಎರಡು ದಿನ ನುಂಗಿ ನಡುಕ ನಿಂತೊಡನೆ ಮಿಕ್ಕ ದುಡ್ಡನ್ನು ಉಳಿಸುತ್ತಿದ್ದನು. ಜ್ವರದ ಬೀಜ ರಕ್ತದಲ್ಲಿಯೇ ಉಳಿದು, ನಾಟಿಯ ಹೊತ್ತಿಗೋ ಕಬ್ಬು ಕಡಿಯುವ ಹೊತ್ತಿಗೋ ಮತ್ತೆ ಮಲಗಿಸುತ್ತಿತ್ತು. ನಡುವಿನ ದಿನಗಳಲ್ಲಿ ನೆರೆಮನೆಯವರಿಗೂ ಸೊಳ್ಳೆಯ ಮೂಲಕ ಹಂಚಿಕೆಯಾಗುತ್ತಿತ್ತು. ಆದುದರಿಂದ ಕ್ವಿನೈನಿನ ಬೆಲೆಯೆಂಬುದು ಅಂಗಡಿಯವನ ಲೆಕ್ಕವಷ್ಟೇ ಆಗಿರಲಿಲ್ಲ; ಇಡೀ ಊರಿನ ಆರೋಗ್ಯದ ಲೆಕ್ಕವಾಗಿತ್ತು.

ಇದನ್ನು ಕಂಡವರು ಆಗಲೂ ಇದ್ದರು. ಲಾರ್ಡ್ ಲಿನ್‌ಲಿತ್‌ಗೋರವರ ಅಧ್ಯಕ್ಷತೆಯ ಕೃಷಿ ಆಯೋಗವು 1928ರಲ್ಲಿ, ಸಿಂಕೋನದ ಬೇಸಾಯವನ್ನೂ ಕ್ವಿನೈನಿನ ಹಂಚಿಕೆಯನ್ನೂ ಪ್ರಾಂತಗಳ ಕೈಯಿಂದ ಭಾರತ ಸರ್ಕಾರವೇ ವಹಿಸಿಕೊಂಡು ಬೆಲೆಯನ್ನು ಇಳಿಸಬೇಕೆಂದು ಸಲಹೆ ಕೊಟ್ಟಿತು. ಆದರೆ 1919ರ ಸುಧಾರಣೆಗಳಂತೆ ಆರೋಗ್ಯವು ಪ್ರಾಂತಗಳ ಮಂತ್ರಿಗಳಿಗೆ ವರ್ಗವಾಗಿದ್ದ ವಿಷಯ. ತೋಟಗಳು ಆ ಪ್ರಾಂತಗಳಿಗೆ ಆದಾಯ ತರುವ ಆಸ್ತಿ. ಸಲಹೆ ಕಾಗದದಲ್ಲಿಯೇ ಉಳಿಯಿತು. ಅಧ್ಯಕ್ಷರು 1936ರಲ್ಲಿ ತಾವೇ ವೈಸರಾಯರಾಗಿ ಬಂದರು. ತೋಟಗಳು ಮಾತ್ರ ಮದರಾಸು ಬಂಗಾಳಗಳಲ್ಲಿಯೇ ಉಳಿದವು. ಇನ್ನು ಮೈಸೂರಿನ ಪಾಡೇನು? ಪ್ರಾಂತವೂ ಅಲ್ಲದ, 1935ರ ಶಾಸನದ ಒಕ್ಕೂಟವು ಕೂಡಿಬರದೆ ಹೋದುದರಿಂದ ಅದರ ಅಂಗವೂ ಆಗದ ಈ ಸಂಸ್ಥಾನವು, ಬೆಲೆಯ ಮಾತು ನಡೆಯುವ ಯಾವ ಮನೆಯಲ್ಲಿಯೂ ಮಣೆಯಿಲ್ಲದ ನೆಂಟನಂತಿತ್ತು. ಔಷಧಗಳ ಶುದ್ಧತೆಯನ್ನು ಕುರಿತ 1940ರ ಶಾಸನವೂ ಬ್ರಿಟಿಷ್ ಭಾರತಕ್ಕಾಗಿ ಆದುದು. 1942ರಲ್ಲಿ ಜಪಾನೀಯರು ಜಾವಾವನ್ನು ಹಿಡಿದಾಗ ಕ್ವಿನೈನಿನ ದಾರಿಯೇ ಮುಚ್ಚಿತು. ಮರುವರ್ಷದ ಕ್ಷಾಮದಲ್ಲಿ, ಸ್ವಂತ ತೋಟವಿದ್ದ ಬಂಗಾಳದಲ್ಲಿಯೇ, ಅದು ಕಳ್ಳಪೇಟೆಯ ಸರಕಾಯಿತು.

ಮಲೇರಿಯವನ್ನು ಕಡೆಗೆ ತಗ್ಗಿಸಿದುದು ಬಹುಮಟ್ಟಿಗೆ ಡಿ.ಡಿ.ಟಿ. 1953ರಲ್ಲಿ ಆರಂಭವಾದ ರಾಷ್ಟ್ರೀಯ ನಿಯಂತ್ರಣ ಕಾರ್ಯದಲ್ಲಿ ಸಾಮಗ್ರಿ ಕೇಂದ್ರದ್ದು, ಅದನ್ನು ಮನೆಮನೆಗೆ ಎರಚುವ ಆಳು ರಾಜ್ಯದವರು. ಇಬ್ಬರ ಕೆಲಸವೂ ಸ್ಪಷ್ಟವಾಗಿದ್ದ ಅಪರೂಪದ ಸಂದರ್ಭವದು, ಫಲವೂ ಕಾಣಿಸಿತು.

ಅಷ್ಟರಲ್ಲಿ ಸಂವಿಧಾನವು ಬಂದು ಹಳೆಯ ಗೊಂದಲಕ್ಕೆ ಹೊಸ ಗೆರೆಗಳನ್ನು ಎಳೆದಿತ್ತು. ಏಳನೆಯ ಅನುಸೂಚಿಯಂತೆ ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ರಾಜ್ಯಗಳ ಪಟ್ಟಿಗೆ ಸೇರಿದವು. ಔಷಧಗಳೂ ಬೆಲೆಯ ನಿಯಂತ್ರಣವೂ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹೋದವು. ಸಮವರ್ತಿ ಎಂಬುದು ಹೆಸರಿಗೆ ಸಮ; ವಿರೋಧ ಬಂದಲ್ಲಿ ಸಾಮಾನ್ಯವಾಗಿ ಕೇಂದ್ರದ ಶಾಸನವೇ ನಿಲ್ಲುತ್ತದೆ. ಚೀನದ ಯುದ್ಧದ ಹೊತ್ತಿನಲ್ಲಿ, 1962 ಮತ್ತು 1963ರಲ್ಲಿ, ಕೇಂದ್ರವು ಔಷಧದ ಬೆಲೆಗಳಿಗೆ ಮೊದಲ ಕಟ್ಟುಗಳನ್ನು ವಿಧಿಸಿತು. 1970ರಿಂದ ಅಗತ್ಯ ವಸ್ತುಗಳ ಶಾಸನದ ಮೇರೆಗೆ ಆಜ್ಞೆಗಳು ಹೊರಟವು. 1979ರ ಆಜ್ಞೆಗೆ ಒಳಪಟ್ಟ ಮೂಲೌಷಧಗಳು 347, 1987ರಲ್ಲಿ 142, 1995ರಲ್ಲಿ 74. ಅಂಕಿಗಳು ಇಳಿದ ಬಗೆಯನ್ನು ನೋಡಿದರೆ ಸಾಕು.

2002ರ ಔಷಧನೀತಿಯು ಆ ಪಟ್ಟಿಯನ್ನು ಇನ್ನೂ ಕಿರಿದುಮಾಡಲು ಹೊರಟಾಗ ಅದನ್ನು ತಡೆದುದು ಕರ್ನಾಟಕವೇ. ರಾಜ್ಯದ ಸರ್ಕಾರವಲ್ಲ, ರಾಜ್ಯದ ಉಚ್ಚ ನ್ಯಾಯಾಲಯ. ಸಾರ್ವಜನಿಕ ಹಿತದ ಅರ್ಜಿಯೊಂದರ ಮೇಲೆ ಅದು ಆ ವರ್ಷದ ನವೆಂಬರಿನಲ್ಲಿ ನೀತಿಗೆ ತಡೆಯಾಜ್ಞೆ ಕೊಟ್ಟಿತು. ಕೇಂದ್ರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2003ರ ಮಾರ್ಚಿಯಲ್ಲಿ ಆ ನ್ಯಾಯಾಲಯವು ತಡೆಯನ್ನು ಸಡಿಲಿಸಿತಾದರೂ, ಅಗತ್ಯವಾದ, ಜೀವ ಉಳಿಸುವ ಔಷಧಗಳು ಬೆಲೆಯ ನಿಯಂತ್ರಣದಿಂದ ತಪ್ಪಿಹೋಗದಂತೆ ನೋಡಬೇಕೆಂದು ಕೇಂದ್ರಕ್ಕೆ ವಿಧಿಸಿತು. ಹತ್ತು ವರ್ಷಗಳ ಮೇಲೆ, 2013ರ ಆಜ್ಞೆಯಲ್ಲಿ, ಅಗತ್ಯ ಔಷಧಗಳ ಪಟ್ಟಿಯೇ ನಿಯಂತ್ರಣಕ್ಕೆ ಆಧಾರವಾಯಿತು. ಆದರೆ ತಯಾರಿಕೆಯ ಖರ್ಚನ್ನು ಲೆಕ್ಕಹಾಕುವ ಹಳೆಯ ಕ್ರಮವನ್ನು ಬಿಟ್ಟು, ಪೇಟೆಯಲ್ಲಿ ನಡೆಯುವ ಬೆಲೆಗಳ ಸರಾಸರಿಯನ್ನೇ ಮಿತಿಯಾಗಿ ಹಿಡಿದರು. ಪೇಟೆಯನ್ನು ಹತೋಟಿಗೆ ತರುವುದಕ್ಕೆ ಪೇಟೆಯನ್ನೇ ಅಳತೆಗೋಲು ಮಾಡಿದ ಈ ವಿಧಾನ ನನಗೆ ಇಂದಿಗೂ ವಿಚಿತ್ರವಾಗಿ ತೋರುತ್ತದೆ.

ಇತ್ತ ರಾಜ್ಯವು ತನ್ನ ಪಟ್ಟಿಯ ಕೆಲಸವನ್ನು ಮಾಡುತ್ತ ಬಂದಿದೆ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಬಂದಿತು. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಏರ್ಪಟ್ಟಿತು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾಗಿ ಒಂದೇ ಚೀಟಿಯ ಮೇಲೆ ಎರಡು ಹೆಸರುಗಳು ಕೂಡಿದವು.

ಮದ್ದಿನ ವಿಷಯದಲ್ಲಿ ಮಾತ್ರ ಆ ಕೂಡಿಕೆ ಸುಲಭವಾಗಲಿಲ್ಲ. ಕೇಂದ್ರದ ಜನೌಷಧಿ ಅಂಗಡಿಗಳು ಅಗ್ಗದ ಬೆಲೆಗೆ ಔಷಧ ಮಾರುತ್ತಿದ್ದುವು. ಅವುಗಳಲ್ಲಿ ಕೆಲವು ಸರ್ಕಾರೀ ಆಸ್ಪತ್ರೆಗಳ ಆವರಣದಲ್ಲಿಯೇ ಇದ್ದುವು. 2025ರ ಮೇ ತಿಂಗಳಲ್ಲಿ ರಾಜ್ಯವು ಆವರಣದೊಳಗಿನ ಅಂಗಡಿಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ನಮ್ಮ ಆಸ್ಪತ್ರೆಯಲ್ಲಿ ಔಷಧವನ್ನು ಧರ್ಮಾರ್ಥವಾಗಿ ಕೊಡಬೇಕಾಗಿರುವಾಗ ಅಗ್ಗದ್ದಾದರೂ ಅಂಗಡಿಯೇಕೆ ಎಂಬುದು ಅದರ ವಾದ. ಒಳಗೆ ಮದ್ದು ಮುಗಿದ ದಿನ ರೋಗಿಯು ಎಲ್ಲಿಗೆ ಹೋಗಬೇಕು ಎಂಬುದು ಅದಕ್ಕೆ ಎದುರಾಗಿ ಕೇಳಿಬಂದ ಪ್ರಶ್ನೆ. ಅಂಗಡಿಯವರು ನ್ಯಾಯಾಲಯದ ಬಾಗಿಲು ತಟ್ಟಿದರು. ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಆಜ್ಞೆಗೆ ತಡೆ ಕೊಟ್ಟಿತು. ಎರಡು ವಾದಗಳಲ್ಲಿಯೂ ಸತ್ಯವಿದೆಯೆಂದು ನನಗೆ ತೋರುತ್ತದೆ. ಚೀಟಿ ಹಿಡಿದು ಆಸ್ಪತ್ರೆಯ ಕಿಟಕಿಯ ಮುಂದೆ ನಿಂತ ಮಳವಳ್ಳಿಯ ಕೂಲಿಯವನು ಕೇಳುವುದು, ಐದು ದಿನದ ಮಾತ್ರೆಯಲ್ಲಿ ಎಷ್ಟು ದಿನದ್ದು ಇಂದು ಕೈಗೆ ಬಂದೀತು ಎಂಬುದನ್ನು.