ಖಾನ್‌ಸಾಹೇಬರ ಗಾಂಧಾರ: ಒಂದು ಶ್ರುತಿಯ ಚರಿತ್ರೆ

80 ಮತ್ತು 81. ಈ ಎರಡು ಸಂಖ್ಯೆಗಳ ನಡುವೆ ಎಷ್ಟು ಅಂತರ ಇದೆ? ಒಂದೇ ಒಂದು. ಸಂಗೀತದಲ್ಲಿ ಈ ಅಂತರಕ್ಕೆ ಒಂದು ಹೆಸರಿದೆ: ಪ್ರಮಾಣ ಶ್ರುತಿ. ನೂರು ವರ್ಷದ ಹಿಂದೆ ಇದನ್ನು ಅಳೆಯಲು ಹೊರಟವರಿಗೆ ಆಧಾರವಾಗಿದ್ದು ಒಬ್ಬ ಮುಸ್ಲಿಂ ಉಸ್ತಾದರ ಕಂಠ. ಆ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ, ಕಷ್ಟ ಏನಿಲ್ಲ. ಸಾ ಸ್ವರ ಸೆಕೆಂಡಿಗೆ 240 ಸಲ ಕಂಪಿಸುತ್ತೆ ಅಂದುಕೊಳ್ಳಿ. ಪ ಅದರ ಒಂದೂವರೆ ಪಟ್ಟು, ಅಂದರೆ 360. ಇದೇ ಒಂದೂವರೆ ಪಟ್ಟಿನ ಮೆಟ್ಟಿಲು ಹತ್ತುತ್ತಾ ಹೋಗಿ. ಪ ದಿಂದ ಮೇಲಿನ ರೇ 540, ಅದನ್ನು ಕೆಳಗಿನ ಸಪ್ತಕಕ್ಕೆ ಇಳಿಸಿದರೆ ಅರ್ಧ, 270. ಅಲ್ಲಿಂದ ಧ 405. ಧ ದಿಂದ ಮೇಲಿನ ಗ 607.5, ಅದರ ಅರ್ಧ 303.75. ಇದು ಒಂದು ಗಾಂಧಾರ.

ಇನ್ನೊಂದು ಗಾಂಧಾರವನ್ನು ತಂಬೂರಿಯೇ ಕೊಡುತ್ತೆ. ತಂಬೂರಿಯ ಕೆಳಗಿನ ಸಾ ತಂತಿ 120 ಸಲ ಕಂಪಿಸುವಾಗ ಅದರೊಳಗೆ 240, 360, 480, 600 ಎಂಬ ಸಣ್ಣ ನಾದಗಳೂ ಹುಟ್ಟುತ್ತವೆ. ಆ ಐದನೆಯದು, 600, ಮೇಲಿನ ಸಪ್ತಕದ ಗಾಂಧಾರ. ಯಾರೂ ಮೀಟದೆಯೇ ಕೇಳುವ ಸ್ವರ ಅದು. ಅದರ ಅರ್ಧ 300.

ಒಂದು 300, ಇನ್ನೊಂದು 303.75. ಎರಡೂ ಗಾಂಧಾರವೇ, ಎರಡಕ್ಕೂ ಇರುವ ಅನುಪಾತ 80ಕ್ಕೆ 81. ಎರಡನ್ನೂ ಒಟ್ಟಿಗೆ ನುಡಿಸಿದರೆ ನಾದ ಅಲುಗಾಡುತ್ತೆ, ಸೆಕೆಂಡಿಗೆ ಸುಮಾರು ನಾಲ್ಕು ಸಲ ಏರಿಳಿಯುತ್ತೆ. ರಿಯಾಜ್ ಮಾಡಿದ ಕಿವಿ ಇದನ್ನು ಕೂಡಲೇ ಹಿಡಿಯುತ್ತೆ.

ಈ ಸಣ್ಣ ಅಂತರ ಹಲವು ನಾಡುಗಳ ಪಂಡಿತರನ್ನು ಕಾಡಿದೆ. ಗ್ರೀಕರಲ್ಲಿ ಇದು ದಿದಿಮಸ್ ಎಂಬುವನ ಹೆಸರಿನಲ್ಲಿದೆ. ಬಾಗ್ದಾದಿನಲ್ಲಿ ಸಫಿಯುದ್ದೀನ್ ಉರ್ಮವಿ 13ನೇ ಶತಮಾನದಲ್ಲಿ ಸಪ್ತಕವನ್ನು 17 ಭಾಗ ಮಾಡಿ ಇಂಥ ಸೂಕ್ಷ್ಮ ಸ್ವರಗಳಿಗೆ ಜಾಗ ಕೊಟ್ಟರು. ನಮ್ಮಲ್ಲಿ ನಾಟ್ಯಶಾಸ್ತ್ರದ ಭರತ ಎರಡು ಸಮನಾದ ವೀಣೆ ಇಟ್ಟುಕೊಂಡು, ಒಂದರ ಪಂಚಮವನ್ನು ಸ್ವಲ್ಪ ಇಳಿಸಿ, ಆ 'ಸ್ವಲ್ಪ'ವನ್ನೇ ಪ್ರಮಾಣ ಅಂದ. ಸಪ್ತಕದಲ್ಲಿ 22 ಶ್ರುತಿ ಇವೆ ಅಂದ. ಆದರೆ ಸಂಖ್ಯೆಯಲ್ಲಿ ಅಳತೆ ಹೇಳಲಿಲ್ಲ. ಆ ಖಾಲಿ ಜಾಗ ತುಂಬುವ ಪ್ರಯತ್ನ ನಡೆದದ್ದು 20ನೇ ಶತಮಾನದ ಆರಂಭದಲ್ಲಿ, ನಮ್ಮ ಗಡಿಯ ಪಕ್ಕದ ಸಾಂಗ್ಲಿ–ಮೀರಜ್ ಸೀಮೆಯಲ್ಲಿ.

ಕೃಷ್ಣಾಜಿ ಬಲ್ಲಾಳ ದೇವಲ್ ಸಾಂಗ್ಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್. ಅವರ ಜೊತೆಗಾರ ಅರ್ನೆಸ್ಟ್ ಕ್ಲೆಮೆಂಟ್ಸ್, ಐಸಿಎಸ್ ಅಧಿಕಾರಿ, ಜಿಲ್ಲಾ ನ್ಯಾಯಾಧೀಶ. ಇಬ್ಬರಿಗೂ 22 ಶ್ರುತಿಗಳನ್ನು ಗಣಿತದಲ್ಲಿ ಹಿಡಿಯುವ ಹಂಬಲ. ಆದರೆ ಗಣಿತಕ್ಕೆ ಮೊದಲು ನಿಖರವಾಗಿ ಹಾಡಿ ತೋರಿಸುವವರು ಬೇಕಲ್ಲ? ಆ ಕೆಲಸಕ್ಕೆ ಒದಗಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಹುಟ್ಟೂರು ಉತ್ತರ ಪ್ರದೇಶದ ಕೈರಾನಾ, ಅದರಿಂದಲೇ ಕಿರಾನಾ ಘರಾನಾ. ನೆಲೆ ನಿಂತಿದ್ದು ಮೀರಜ್‌ನಲ್ಲಿ. ತಂಬೂರಿ ಶ್ರುತಿ ಮಾಡುವುದರಲ್ಲಿ ಅವರ ಕಿವಿ ಹೆಸರಾಗಿತ್ತು. ವಾದ್ಯ ಕೆಟ್ಟರೆ ತಾವೇ ರಿಪೇರಿ ಮಾಡುತ್ತಿದ್ದರು. ಅವರು ಸ್ವರ ಹಚ್ಚಿ ತೋರಿಸಿದರು, ದೇವಲ್ ಅದನ್ನು ಲೆಕ್ಕಕ್ಕೆ ತಂದರು.

1910ರಲ್ಲಿ ದೇವಲ್ ಅವರ ಇಂಗ್ಲಿಷ್ ಪುಸ್ತಕ ಬಂತು. ಅದರ ಹೆಸರಿನ ಅರ್ಥ, ಹಿಂದೂ ಸ್ವರಶ್ರೇಣಿ ಮತ್ತು 22 ಶ್ರುತಿಗಳು. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ಸಂಗೀತವನ್ನೆಲ್ಲ ಹಾಗೇ ಕರೆಯುತ್ತಿದ್ದರು, ಅದರಲ್ಲಿ ದ್ವೇಷ ಹುಡುಕಬೇಕಿಲ್ಲ. ಆದರೂ ಒಂದು ಮಾತು ಗಮನಿಸಿ. 'ಉಸ್ತಾದರಿಗೆ ಹಾಡಲು ಬರುತ್ತೆ, ಶಾಸ್ತ್ರ ಬರಲ್ಲ' ಎಂಬುದು ಅದೇ ಕಾಲದ ಸುಧಾರಕರ ಸಾಮಾನ್ಯ ದೂರು. ಉಸ್ತಾದರಿಂದಲೇ ಎಷ್ಟೋ ಚೀಜ್ ಸಂಗ್ರಹಿಸಿದ ಭಾತಖಂಡೆಯವರಲ್ಲೂ ಈ ದೂರು ಇತ್ತು. ಶಾಸ್ತ್ರ ಅಂದರೆ ಏನು? ಬರೆದದ್ದು ಮಾತ್ರವೇ? 80ಕ್ಕೆ 81ರ ಅಂತರವನ್ನು ಗಂಟಲಲ್ಲಿ ತೂಗಿ ಹಚ್ಚಬಲ್ಲವರಿಗೆ ಶಾಸ್ತ್ರ ಗೊತ್ತಿಲ್ಲ ಅನ್ನೋದು ಹೇಗೆ?

ಲೆಕ್ಕ ಆದ ಮೇಲೆ ಪೆಟ್ಟಿಗೆ ಬಂತು. ಲಂಡನ್ನಿನ ಮೂರ್ ಅಂಡ್ ಮೂರ್ ಕಂಪನಿ ಶ್ರುತಿ ಹಾರ್ಮೋನಿಯಂ ತಯಾರಿಸಿತು. 1916ರಲ್ಲಿ ಬರೋಡದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದರ ಬಗ್ಗೆ ದೊಡ್ಡ ಚರ್ಚೆ ಆಯಿತು. ಉಸ್ತಾದರು ರಾಗದಲ್ಲಿ ಹಾಡುವ ಸ್ವರಕ್ಕೂ ಪೆಟ್ಟಿಗೆಯ ಸ್ವರಕ್ಕೂ ಹೊಂದಲಿಲ್ಲ ಎಂಬ ಟೀಕೆ ಬಂತು. ಕಾರಣ ಸರಳ. ರಾಗದಲ್ಲಿ ಸ್ವರ ಒಂದೇ ಕಡೆ ನಿಲ್ಲಲ್ಲ. ದರ್ಬಾರಿಯ ಗಾಂಧಾರ ತೂಗಾಡುತ್ತೆ. ಮನೆಯನ್ನು ಎಷ್ಟು ಸಣ್ಣದಾಗಿ ಕೊರೆದರೂ ತೂಗಾಟ ಪೆಟ್ಟಿಗೆಯಲ್ಲಿ ಕೂರಲ್ಲ. ಶ್ರುತಿ ಹಾರ್ಮೋನಿಯಂ ಬಳಕೆಗೆ ಬರಲಿಲ್ಲ. ಮಾಮೂಲಿ ಹಾರ್ಮೋನಿಯಂ ಉಳಿಯಿತು, ಅದರ ಗಾಂಧಾರ ಸುಮಾರು 302.4, ಎರಡಕ್ಕೂ ಸೇರದ್ದು. ಇದೇ ಜಗಳದ ಮುಂದುವರಿಕೆಯಾಗಿ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ದೂರ ಇಟ್ಟಿತ್ತು.

ಹಾಗಾದರೆ ಆ ಶ್ರುತಿ ಉಳಿದದ್ದು ಎಲ್ಲಿ? ಒಂದು, ಶಿಷ್ಯರ ಕಂಠದಲ್ಲಿ. ಧಾರವಾಡ ಸೀಮೆಯ ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವ, ಖಾನ್‌ಸಾಹೇಬರ ಶಾಗಿರ್ದ್. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕನ್ನಡನಾಡು ಹೆಮ್ಮೆಪಡುವ ಈ ಸ್ವರದ ಬೇರು ಕೈರಾನಾದ ಒಂದು ಮುಸ್ಲಿಂ ಮನೆತನದಲ್ಲಿದೆ.

ಎರಡು, ಮೀರಜ್‌ನ ಕುಶಲಕರ್ಮಿಗಳ ಕೈಯಲ್ಲಿ. ಅಲ್ಲಿನ ಶಿಕಲಗಾರರು ಮೊದಲು ಕತ್ತಿ, ಬರ್ಚಿ ಸಾಣೆ ಹಿಡಿಯುತ್ತಿದ್ದ ಜನ. ಆಯುಧಕ್ಕೆ ಬೇಡಿಕೆ ಇಳಿದ ಮೇಲೆ, 19ನೇ ಶತಮಾನದಲ್ಲಿ, ಫರೀದ್‌ಸಾಹೇಬ್ ಮುಂತಾದವರು ತಂಬೂರಿ, ಸಿತಾರ್ ಮಾಡಲು ಕಲಿತರು. ತಂತಿ ಕೂರುವ ಕುದುರೆಯ ಮೈಯನ್ನು ಹದವಾಗಿ ಉಜ್ಜಿ, ಕೆಳಗೆ ನೂಲಿನ ಎಳೆ ಸರಿಸಿ 'ಜವಾರಿ' ತೆಗೆಯುತ್ತಾರೆ. ಎಳೆ ಕೂದಲಷ್ಟು ಸರಿದರೂ ಆ ಐದನೇ ನಾದ ಮಂಕಾಗುತ್ತೆ. ಸರಿಯಾಗಿ ಕೂತರೆ ಗಾಂಧಾರ ತಾನಾಗಿಯೇ ಹೊಳೆಯುತ್ತೆ. ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಈ ಕೈಕೆಲಸವೂ ವಿದ್ಯೆಯೇ, ಇದರಲ್ಲೂ ಭೌತಶಾಸ್ತ್ರ ಇದೆ.

ಖಾನ್‌ಸಾಹೇಬರು 1937ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಮೀರಜ್‌ನ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಅವರ ಮಜಾರ್ ಇದೆ. ಉರುಸಿನಲ್ಲಿ ಇಂದಿಗೂ ಗಾಯಕರು ಬಂದು ಹಾಡುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ನಾನಿರುವ ಹೈದರಾಬಾದಿನ ಮಣಿಕೊಂಡದಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳು ಕೀಬೋರ್ಡ್ ಕಲಿಯುತ್ತಾರೆ, ನಿಮ್ಮೂರಲ್ಲೂ ಇರಬಹುದು. ಫೋನಿನಲ್ಲಿ ತಂಬೂರಿ ಹಚ್ಚಿ, ಕಣ್ಣು ಮುಚ್ಚಿ, ಅದರ ಜೊತೆ ಕರಗುವ ತನಕ ಗ ಹಾಡಿ. ಆಮೇಲೆ ಕೀಬೋರ್ಡಿನ ಗ ಒತ್ತಿ. ವ್ಯತ್ಯಾಸ ಮೊದಲ ದಿನ ಕೇಳಿಸದಿದ್ದರೆ ಹತ್ತು ದಿನ ಬಿಟ್ಟು ಮತ್ತೆ ನೋಡಿ. ಜೊತೆಗೆ ಖಾನ್‌ಸಾಹೇಬರ ಹಳೆಯ ರೆಕಾರ್ಡುಗಳನ್ನೂ ಕೇಳಿ. ನಿಮ್ಮ ಊರಲ್ಲಿ ವಾದ್ಯ ರಿಪೇರಿ ಮಾಡುವ, ಜವಾರಿ ತೆಗೆಯುವ ಹಿರಿಯರಿದ್ದರೆ ಹೋಗಿ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಬರೆದಿಡದ ವಿದ್ಯೆಯನ್ನು ಇಲ್ಲದ ವಿದ್ಯೆ ಅಂತ ಲೆಕ್ಕ ಹಾಕುವವರು ಈಗಲೂ ಇದ್ದಾರೆ.