ನಟ ಹೋದ ಮೇಲೆ ಪಾತ್ರದ ಗತಿ

2024ರ ಕೊನೆಯ ತಿಂಗಳುಗಳಲ್ಲಿ ಜೀ ಕನ್ನಡ ವಾಹಿನಿಯ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಸ್ನೇಹಾ ಸತ್ತಳು. ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕನ ಮಗಳು, ಹಟ ಹಿಡಿದು ಓದಿ ಜಿಲ್ಲಾಧಿಕಾರಿಯಾದವಳು, ಅಪಘಾತದಲ್ಲಿ ತೀರಿಕೊಂಡಳು. ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಓದು ಮುಂದುವರಿಸುವುದಕ್ಕಾಗಿ ಧಾರಾವಾಹಿ ಬಿಡುತ್ತಿರುವುದಾಗಿ ಹೇಳಿದ್ದರು. ನಟಿಗೆ ಓದು, ಪಾತ್ರಕ್ಕೆ ಸಾವು! ಮಗಳ ಶವದ ಮುಂದೆ ಪುಟ್ಟಕ್ಕನಾಗಿ ಉಮಾಶ್ರೀ ಅತ್ತಾಗ ಅನೇಕ ಮನೆಗಳಲ್ಲಿ ಹೆಂಗಸರೂ ಅತ್ತರು. ಮರುದಿನ ಅದೇ ಹೆಂಗಸರು ಸಿಟ್ಟಾಗಿ ಕೇಳಿದ್ದು ಒಂದೇ ಮಾತು: ಅವಳು ಹೋದರೆ ಹೋಗಲಿ, ಸ್ನೇಹಾಳನ್ನು ಯಾಕೆ ಕೊಲ್ಲಬೇಕಿತ್ತು?

ಪ್ರಶ್ನೆ ಸಣ್ಣದಲ್ಲ. ನಟನೊಬ್ಬ ಬಿಟ್ಟುಹೋದಾಗ ಪಾತ್ರವನ್ನು ಏನು ಮಾಡಬೇಕು ಎಂಬ ಚಿಂತೆ ದೂರದರ್ಶನಕ್ಕಿಂತ ಬಹಳ ಹಳೆಯದು. ಅದಕ್ಕೆ ನಮ್ಮ ನಾಟಕದವರು ಕಂಡುಕೊಂಡಿದ್ದ ಉತ್ತರವೇ ಬೇರೆ.

ದಾವಣಗೆರೆ ಸೀಮೆಯನ್ನೇ ನೋಡಬಹುದು. ಇಂದು ಒಂದೇ ಜಿಲ್ಲೆಯಲ್ಲಿರುವ ಈ ತಾಲ್ಲೂಕುಗಳು 1997ರವರೆಗೆ ಹಂಚಿಹೋಗಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗದ್ದು, ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಊರು. ಆದರೆ ನಾಟಕದ ಮಟ್ಟಿಗೆ ಈ ಊರುಗಳ ಕಣ್ಣು ದಾವಣಗೆರೆಯ ಕಡೆಗೇ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರದು. ‘ಪೊಲೀಸನ ಮಗಳು’ ನಾಟಕವನ್ನು ಸಾವಿರಕ್ಕೂ ಹೆಚ್ಚು ಬಾರಿ ಆಡಿಸಿದ ಚಿಂದೋಡಿ ಲೀಲಾ 2010ರಲ್ಲಿ ತೀರಿಕೊಳ್ಳುವವರೆಗೂ ಆ ಹೆಸರನ್ನು ಉಳಿಸಿಕೊಂಡು ಬಂದರು.

ಕಂಪನಿಗಳಲ್ಲಿ ನಟರು ಬಿಟ್ಟುಹೋಗುವುದು ಸಾಮಾನ್ಯ ಸಂಗತಿ. ಇನ್ನೊಂದು ಕಂಪನಿಯವರು ನಾಲ್ಕು ಕಾಸು ಹೆಚ್ಚು ಕೊಡುತ್ತೇವೆಂದರೆ ಹೊರಟುಬಿಡುವವರಿದ್ದರು. ಹೆಣ್ಣು ಪಾತ್ರ ಮಾಡುತ್ತಿದ್ದ ಹುಡುಗನ ಗಂಟಲು ಒಡೆದರೆ ಅವನ ಆ ಕಾಲವೂ ಮುಗಿಯಿತು. ಶತಾಯುಷಿ ಏಣಗಿ ಬಾಳಪ್ಪನವರು ಹುಡುಗತನದಲ್ಲಿ ಹೆಣ್ಣು ವೇಷ ಹಾಕಿ, ಮುಂದೆ ಬಸವಣ್ಣನಾಗಿ ಹೆಸರಾದವರು. ಯಾರು ಹೋದರೂ ನಾಟಕ ನಿಲ್ಲುತ್ತಿರಲಿಲ್ಲ. ದಿನವೂ ಪರದೆಯ ಹಿಂದೆ ನಿಂತು ಕೇಳಿ ಕೇಳಿ ಕಂಪನಿಯಲ್ಲಿ ಎಲ್ಲರಿಗೂ ಎಲ್ಲರ ಮಾತೂ ಬಾಯಿಪಾಠ. ಹೊಸಬ ಅದೇ ಕಿರೀಟ ಇಟ್ಟುಕೊಂಡು, ಅದೇ ಕಂದಪದ್ಯ ಹಾಡಿಕೊಂಡು ಬಂದರೆ ಪ್ರೇಕ್ಷಕನಿಗೆ ಅವನೇ ದುರ್ಯೋಧನ. ಹಾಡು ಸೋತರೆ ಮಾತ್ರ ಶಿಳ್ಳೆ ಬೀಳುತ್ತಿತ್ತು. ಪಾತ್ರ ನಾಟಕದ ಸ್ವತ್ತು. ನಟ ಅದನ್ನು ಒಂದಷ್ಟು ಕಾಲ ಹೊತ್ತು ನಡೆಯುವವನು ಎಂಬ ತಿಳಿವಳಿಕೆ ಕೊಟ್ಟಿಗೆಯ ಮುಂದೆ ಚಾಪೆ ಹಾಸಿ ಕೂತವನಿಗೂ ಇತ್ತು.

ಟಿ.ವಿ. ಇದನ್ನು ತಲೆಕೆಳಗು ಮಾಡಿತು. ಮೊದಲಿಗೇ ಅಲ್ಲ. 1980ರ ದಶಕದ ಧಾರಾವಾಹಿಗಳಿಗೆ ದೂರದರ್ಶನ ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು. ನಟ ಬೇಸತ್ತು ಬಿಟ್ಟುಹೋಗುವಷ್ಟು ಕಾಲಾವಕಾಶವೇ ಇರಲಿಲ್ಲ. ದಿನವಹಿ ಧಾರಾವಾಹಿ ಬಂದ ಮೇಲೆ ಲೆಕ್ಕ ತಪ್ಪಿತು. ಟಿ.ಎನ್. ಸೀತಾರಾಂ ಮತ್ತು ಸಂಗಡಿಗರ ‘ಮಾಯಾಮೃಗ’ 1998ರಲ್ಲಿ ಹಿಡಿಸಿದ ಚಟ ಮುಂದೆ ಖಾಸಗಿ ವಾಹಿನಿಗಳಲ್ಲಿ ಐದಾರು ವರ್ಷ ಎಳೆಯುವ ಕಥೆಗಳಾಗಿ ಬೆಳೆಯಿತು. ‘ಲಕ್ಷ್ಮೀ ಬಾರಮ್ಮ’ 2013ರಿಂದ 2020ರವರೆಗೆ ಓಡಿತು. ಅಷ್ಟು ದೀರ್ಘಕಾಲದಲ್ಲಿ ಮನುಷ್ಯರಿಗೆ ಮದುವೆಯಾಗುತ್ತದೆ, ಬಸಿರಾಗುತ್ತದೆ, ಸಿನಿಮಾ ಅವಕಾಶ ಬರುತ್ತದೆ, ಜಗಳವಾಗುತ್ತದೆ. ಇತ್ತ ಕ್ಯಾಮೆರಾ ಮುಖದ ಹತ್ತಿರ ಹೋಗಿ ನಿಂತಿರುತ್ತದೆ. ಸಂಜೆಗೊಮ್ಮೆ ಅದೇ ಕಣ್ಣು, ಅದೇ ಹಣೆಬೊಟ್ಟು ನೋಡುವವರಿಗೆ ಮುಖವೇ ಪಾತ್ರವಾಗಿಬಿಡುತ್ತದೆ.

ಹೀಗಾಗಿ ಬರಹಗಾರರು ಕೆಲವು ಉಪಾಯಗಳನ್ನು ರೂಢಿಸಿಕೊಂಡರು. ಅತ್ಯಂತ ಅಗ್ಗದ್ದು, ಪಾತ್ರವನ್ನು ಅಮೆರಿಕಕ್ಕೋ ತವರಿಗೋ ಕಳಿಸಿ ಮರೆತುಬಿಡುವುದು. ಇನ್ನೊಂದು, ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಎಂದು ತಿಳಿಸಿ ಹೊಸಬರನ್ನು ತಂದು ನಿಲ್ಲಿಸುವುದು. ‘ಲಕ್ಷ್ಮೀ ಬಾರಮ್ಮ’ದಲ್ಲಿ ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು, ಚಂದನ್ ಕುಮಾರ್ ಮಾಡುತ್ತಿದ್ದ ಪಾತ್ರವೂ ಮುಂದೆ ಬೇರೆಯವರಿಗೆ ದಾಟಿತು. ‘ರಾಧಾ ರಮಣ’ದ ರಾಧೆ ಶ್ವೇತಾ ಪ್ರಸಾದ್ ಅವರಿಂದ ಕಾವ್ಯಾ ಗೌಡ ಅವರಿಗೆ ದಾಟಿದಳು. ಒಂದೆರಡು ವಾರ ಗೊಣಗಿದ ಪ್ರೇಕ್ಷಕರು ಆಮೇಲೆ ಒಗ್ಗಿಕೊಂಡರು. ಹಳೆಯ ಕಂಪನಿ ಪದ್ಧತಿಗೆ ಹತ್ತಿರವಾದದ್ದು ಇದೇ. ಇದರಲ್ಲಿರುವ ಪ್ರಾಮಾಣಿಕತೆ ಉಳಿದವುಗಳಲ್ಲಿಲ್ಲ.

ಉಳಿದವು ಎಲ್ಲಿಗೆ ಮುಟ್ಟುತ್ತವೆ ಎಂಬುದಕ್ಕೆ ‘ಜೊತೆ ಜೊತೆಯಲಿ’ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ನಾಯಕ ನಟ ಅನಿರುದ್ಧ ಮತ್ತು ನಿರ್ಮಾಣ ತಂಡದ ನಡುವಿನ ಭಿನ್ನಾಭಿಪ್ರಾಯ ಬೀದಿಗೆ ಬಂತು. ಎರಡೂ ಕಡೆಯವರು ಮಾಧ್ಯಮಗಳ ಮುಂದೆ ತಮ್ಮ ತಮ್ಮ ಅಹವಾಲು ಹೇಳಿಕೊಂಡರು. ಅನಿರುದ್ಧ ಹೊರಗಾದರು, ಹರೀಶ್ ರಾಜ್ ಬಂದರು. ಆದರೆ ಬರಿದೇ ಬರಲಿಲ್ಲ. ಕಥೆಯೊಳಗೆ ಅಪಘಾತ, ಶಸ್ತ್ರಚಿಕಿತ್ಸೆ, ಹೊಸ ಮುಖ, ಮರೆತುಹೋದ ನೆನಪು, ಸಂಜು ಎಂಬ ಹೊಸ ಹೆಸರು ಎಲ್ಲವೂ ಬೇಕಾದವು. ನಟ ಬದಲಾದದ್ದು ನಾಡಿಗೆಲ್ಲ ಗೊತ್ತಿದ್ದಾಗ ಅದಕ್ಕೊಂದು ವೈದ್ಯಕೀಯ ಕಾರಣ ಹುಡುಕುವುದು ನಗೆ ತರಿಸುವಂಥದ್ದು. ಆದರೂ ಜನ ನೋಡಿದರು.

ಹಿಂದಿಯ ‘ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥೀ’ಯಲ್ಲಿ 2001ರಲ್ಲಿ ಮಿಹಿರ್ ಸತ್ತಾಗ ಎದ್ದ ಗುಲ್ಲಿಗೆ ಅಂಜಿ ಅವನನ್ನು ಬದುಕಿಸಬೇಕಾಯಿತು. ಮುಂದೆ ಅಮರ್ ಉಪಾಧ್ಯಾಯ ಬಿಟ್ಟುಹೋದರೂ ಬೇರೆ ಮುಖಗಳಲ್ಲಿ ಮಿಹಿರ್ ಮುಂದುವರಿದ. ಧಾರಾವಾಹಿಯಲ್ಲಿ ಚಿತೆಯೂ ಪೂರ್ಣವಿರಾಮವಲ್ಲ ಎಂದು ನೋಡುಗರು ಅಂದೇ ಕಲಿತರು. ಇಂದಿಗೂ ಶವ ಕಾಣದಿದ್ದರೆ ಸಾವನ್ನು ನಂಬುವವರಿಲ್ಲ.

ನಿಜವಾದ ಸಾವಿನ ಮುಂದೆ ಇಂಥ ಉಪಾಯಗಳು ನಡೆಯುವುದಿಲ್ಲ. ‘ಮಾಲ್ಗುಡಿ ಡೇಸ್’ ನಿರ್ದೇಶಿಸಿ ಕನ್ನಡದ ನಟರನ್ನು ದೇಶದ ಮನೆಮನೆಗೆ ಮುಟ್ಟಿಸಿದ್ದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡದ್ದು ಇದೇ ಸೀಮೆಯಲ್ಲಿ, ದಾವಣಗೆರೆ ಬಳಿಯ ಆನಗೋಡಿನಲ್ಲಿ. ಮೂವತ್ತೈದು ವರ್ಷ ಕಳೆದರೂ ಆಟೋಗಳ ಬೆನ್ನ ಮೇಲೆ ಅವರ ಚಿತ್ರವಿದೆ. ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’ನಲ್ಲಿ ಅಂಗಡಿಯ ಹೂಪರ್ ಅಜ್ಜನಾಗಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡಾಗ ತಂಡದವರು ಬೇರೆ ಅಜ್ಜನನ್ನು ತರಲಿಲ್ಲ, ಊರಿಗೆ ಹೋಗಿದ್ದಾರೆ ಎಂದೂ ಹೇಳಲಿಲ್ಲ. 1983ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ, ಸತ್ತವರು ತಿರುಗಿ ಬರುವುದಿಲ್ಲ ಎಂಬುದನ್ನು ಎಳೆಯ ಮಕ್ಕಳಿಗೆ ಸರಳವಾಗಿ ತಿಳಿಸಿದರು.

ಇನ್ನು ಖಾಸಗಿ ಬದುಕಿನ ಸುಳಿವುಗಳು. ತೆರೆಯ ಮೇಲೆ ಗಂಡಹೆಂಡಿರಾದವರು ಮನೆಯಲ್ಲೂ ಹಾಗೆಯೇ ಆಗಲಿ ಎಂಬ ಆಸೆ ನೋಡುಗರಿಗೆ ಇದ್ದೇ ಇರುತ್ತದೆ. ‘ಲಕ್ಷ್ಮೀ ಬಾರಮ್ಮ’ದ ಕವಿತಾ, ಚಂದನ್ 2021ರಲ್ಲಿ ನಿಜವಾಗಿಯೇ ಮದುವೆಯಾದಾಗ, ತಮಗೆ ಮೊದಲೇ ಗೊತ್ತಿತ್ತು ಎಂದವರಿಗೆ ಲೆಕ್ಕವಿಲ್ಲ. ಇದರ ಇನ್ನೊಂದು ಮುಖ ಬಸಿರು. ಸೆರಗು ಅಗಲ ಮಾಡಿ, ಕೈಗೊಂದು ತಟ್ಟೆ ಕೊಟ್ಟು, ಕ್ಯಾಮೆರಾವನ್ನು ಭುಜದ ಮೇಲಕ್ಕೇ ನಿಲ್ಲಿಸಿ ಮರೆಸುವುದು ಎಲ್ಲೆಡೆಯ ರೂಢಿ. ಅಮೆರಿಕದ ‘ಐ ಲವ್ ಲೂಸಿ’ಯಲ್ಲಿ ಲೂಸಿಲ್ ಬಾಲ್ ಬಸಿರಾದಾಗ ಅದನ್ನೇ ಕಥೆಗೆ ತಂದರು, ಆದರೆ ‘ಬಸಿರು’ ಎಂಬ ಪದ ಮಾತ್ರ ಆಡಕೂಡದು! 1953ರ ಜನವರಿ 19ರಂದು ತೆರೆಯ ಮೇಲೆ ಲೂಸಿಗೆ ಮಗು ಹುಟ್ಟಿತು. ಅದೇ ದಿನ ನಟಿಗೂ ಹೆರಿಗೆಯಾಯಿತು. ನೋಡಿದವರು ಸುಮಾರು 4.4 ಕೋಟಿ.

ನಟ ಬಿಟ್ಟುಹೋದರೆ ಸಿನಿಮಾಕ್ಕೆ ಹೋದ ಎನ್ನುತ್ತಾರೆ. ನಟಿ ಹೋದರೆ ಏನೋ ಆಗಿರಬೇಕು ಎನ್ನುತ್ತಾರೆ. ಆ ‘ಏನೋ’ ಎಂಬುದರ ಭಾರ ಹೆಣ್ಣಿನ ಹೆಸರಿನ ಮೇಲೆ ಬೀಳುತ್ತದೆ. ಕಂಪನಿ ಕಾಲದಿಂದಲೂ ಇದು ಹೀಗೆಯೇ. ರಾತ್ರಿ ಚಪ್ಪಾಳೆ ತಟ್ಟಿದವರೇ ಬೆಳಿಗ್ಗೆ ನಟಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಬಣ್ಣದ ಟಿ.ವಿ. ಮನೆಮನೆಗೆ ಬಂದ ಮೇಲೂ ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆ ಬಂತೆಂದರೆ ಹುಡುಗರು ಸಾಮಾಜಿಕ ನಾಟಕ ಕಟ್ಟುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಂ ಮಾಸ್ತರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ, ಹೆಣ್ಣು ಪಾತ್ರಕ್ಕೆ ಮಾತ್ರ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಗೊತ್ತು ಮಾಡಿದ್ದ ನಟಿಗೆ ಜ್ವರ ಬಂದರೆ ಸಂಜೆಯ ಬಸ್ಸಿಗೆ ಇನ್ನೊಬ್ಬಾಕೆ ಬಂದಿಳಿಯುತ್ತಾಳೆ. ನಾಟಕದ ಹೆಸರು ಕೇಳಿಕೊಂಡು, ಬಣ್ಣ ಹಚ್ಚಿಕೊಂಡು, ನಾಯಕ ಯಾರು ಎಂದು ಮುಖ ನೋಡಿಟ್ಟುಕೊಂಡು ರಂಗಕ್ಕೆ ಹೋಗುತ್ತಾಳೆ. ಬೆಳಗಿನ ಜಾವದವರೆಗೆ ನಾಟಕ ನಡೆಯುತ್ತದೆ. ಸಂಭಾವನೆ ಎಣಿಸಿಕೊಂಡು ಮೊದಲ ಬಸ್ಸಿಗೆ ಹೊರಡುವ ಆಕೆಗೆ ಮರುರಾತ್ರಿ ಇನ್ನೊಂದು ಊರು, ಇನ್ನೊಂದು ನಾಟಕ.