ಪಾದ್ರಿಯೂ ಹೌದು, ಡಾಕ್ಟರೂ ಹೌದು

ಕಥೋಲಿಕ ಧರ್ಮಸಭೆ ಜಗತ್ತಿನುದ್ದಕ್ಕೂ ಆಸ್ಪತ್ರೆಗಳನ್ನು ನಡೆಸುತ್ತದೆ. ಆದರೂ ಆ ಆಸ್ಪತ್ರೆಗಳಲ್ಲಿ ಸ್ಟೆತಸ್ಕೋಪ್ ಹಿಡಿದ ಪಾದ್ರಿ ಕಾಣಸಿಗುವುದು ಅಪರೂಪ. ನಿರ್ದೇಶಕರ ಕುರ್ಚಿಯಲ್ಲಿ ಪಾದ್ರಿ ಇರಬಹುದು, ರೋಗಿಯ ಪಕ್ಕ ನಿಂತು ಪ್ರಾರ್ಥಿಸುವ ಪಾದ್ರಿ ಇರಬಹುದು. ಔಷಧಿ ಬರೆಯುವವರು, ಆಪರೇಷನ್ ಮಾಡುವವರು ಮಾತ್ರ ಸಾಮಾನ್ಯವಾಗಿ ಬೇರೆಯವರೇ. ಇದು ಸುಮ್ಮನೆ ಬೆಳೆದು ಬಂದ ರೂಢಿಯಲ್ಲ. ಸುಮಾರು ಒಂಬತ್ತು ಶತಮಾನಗಳಿಂದ ಧರ್ಮಸಭೆಯ ಕಾನೂನು ಪಾದ್ರಿಗಳನ್ನು ವೈದ್ಯವೃತ್ತಿಯಿಂದ ದೂರವೇ ಇಟ್ಟಿದೆ. ಬಾಗಿಲು ತೆರೆದಿದ್ದರೆ ಹೆಚ್ಚಾಗಿ ಬೇರೆ ಡಾಕ್ಟರು ಸಿಗದ ಕಡೆ.

ಈಗಿನ ಕಾನೂನು

ಇಂದು ಜಾರಿಯಲ್ಲಿರುವುದು 1983ರ ಧರ್ಮಸಭಾ ಕಾನೂನು ಸಂಹಿತೆ. ಅದರಲ್ಲಿ ವೈದ್ಯವೃತ್ತಿಯನ್ನು ಹೆಸರಿಸಿ ನಿಷೇಧಿಸಿದ ವಿಧಿ ಇಲ್ಲ. ಆದರೆ 285ನೇ ವಿಧಿ ಒಂದು ಸಾಮಾನ್ಯ ಬೇಲಿ ಹಾಕುತ್ತದೆ: ತಪ್ಪಲ್ಲದಿದ್ದರೂ ಗುರುಪದವಿಗೆ ಹೊರತಾದ ಕೆಲಸಗಳಿಂದ ಪಾದ್ರಿಗಳು ದೂರವಿರಬೇಕು. 286ನೇ ವಿಧಿ ಅನುಮತಿಯಿಲ್ಲದೆ ವ್ಯಾಪಾರ ವ್ಯವಹಾರ ಮಾಡಬಾರದು ಎನ್ನುತ್ತದೆ. ಹೀಗಾಗಿ ಪಾದ್ರಿಯೊಬ್ಬರು ಡಾಕ್ಟರಾಗಿ ಕೆಲಸ ಮಾಡಬಹುದೇ ಎಂಬುದನ್ನು ಕಾರ್ಯತಃ ನಿರ್ಧರಿಸುವವರು ಅವರ ಧರ್ಮಾಧ್ಯಕ್ಷರು (ಬಿಷಪ್). ಯೇಸುಸಭೆಯಂಥ ಧಾರ್ಮಿಕ ಸಭೆಗೆ ಸೇರಿದವರಾದರೆ ಆ ಸಭೆಯ ಮೇಲಧಿಕಾರಿ. ಸಭೆಗೆ ಸೇರಿದವರು ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಹೊರಗಿನ ಹುದ್ದೆ ಹಿಡಿಯುವಂತಿಲ್ಲ ಎಂದು 671ನೇ ವಿಧಿ ಸ್ಪಷ್ಟವಾಗಿಯೇ ಹೇಳಿದೆ.

ಮಠದ ಮದ್ದಿನಿಂದ ಮಹಾಸಭೆಯ ನಿಷೇಧಕ್ಕೆ

ಮೊದಲು ಹೀಗಿರಲಿಲ್ಲ. ಆರನೇ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 36ನೇ ಅಧ್ಯಾಯ ರೋಗಿಗಳ ಆರೈಕೆಯನ್ನು ಎಲ್ಲಕ್ಕಿಂತ ಮುಂದಿಡುತ್ತದೆ. ಯುರೋಪಿನ ಮಠಗಳಲ್ಲಿ ಗಿಡಮೂಲಿಕೆಯ ತೋಟಗಳಿದ್ದವು, ವೈದ್ಯಗ್ರಂಥಗಳ ಪ್ರತಿಗಳಿದ್ದವು, ಮದ್ದು ಬಲ್ಲ ಸನ್ಯಾಸಿಗಳಿದ್ದರು.

ಹನ್ನೆರಡನೇ ಶತಮಾನದಲ್ಲಿ ವೈದ್ಯಕೀಯವೂ ನ್ಯಾಯಶಾಸ್ತ್ರವೂ ಕೈತುಂಬ ಕಾಸು ತರುವ ವಿದ್ಯೆಗಳಾದವು. ಸನ್ಯಾಸಿಗಳು ಮಠ ಬಿಟ್ಟು ಅವುಗಳ ಬೆನ್ನು ಹತ್ತತೊಡಗಿದಾಗ ಮೇಲಿನವರಿಗೆ ಚಿಂತೆ ಹತ್ತಿತು. 1130ರಲ್ಲಿ ಕ್ಲೆರ್ಮಾಂಟ್, 1131ರಲ್ಲಿ ರೈಮ್ಸ್, 1139ರಲ್ಲಿ ಎರಡನೇ ಲ್ಯಾಟರನ್ ಮಹಾಸಭೆ ಒಂದಾದ ಮೇಲೊಂದರಂತೆ, ಲಾಭಕ್ಕಾಗಿ ಈ ವಿದ್ಯೆಗಳನ್ನು ಕಲಿಯುವ ಸನ್ಯಾಸಿಗಳನ್ನು ಖಂಡಿಸಿದವು. 1163ರ ಟೂರ್ಸ್ ಸಭೆ ಗಡುವನ್ನೂ ಕೊಟ್ಟಿತು: ಇಂಥ ಓದಿಗೆಂದು ಮಠ ಬಿಟ್ಟವರು ಎರಡು ತಿಂಗಳೊಳಗೆ ಮರಳದಿದ್ದರೆ ಬಹಿಷ್ಕಾರ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯ 18ನೇ ನಿಯಮ, ಕೊಯ್ಯುವ ಮತ್ತು ಸುಡುವ ಶಸ್ತ್ರಚಿಕಿತ್ಸೆಯನ್ನು ಗುರುವಾಗಲಿ, ಅವರಿಗಿಂತ ಕೆಳಗಿನ ದರ್ಜೆಯ ಸೇವಾದರ್ಶಿ (ಡೀಕನ್), ಉಪಸೇವಾದರ್ಶಿಗಳಾಗಲಿ ಮಾಡಬಾರದೆಂದಿತು. 1219ರಲ್ಲಿ ಪೋಪ್ ಮೂರನೇ ಹೊನೋರಿಯಸ್ ವೈದ್ಯಶಿಕ್ಷಣದ ನಿಷೇಧವನ್ನು ಮಠದ ಹೊರಗಿನ ಪಾದ್ರಿಗಳಿಗೂ ವಿಸ್ತರಿಸಿದರು.

'ಧರ್ಮಸಭೆಗೆ ರಕ್ತವೆಂದರೆ ಹೇಸಿಗೆ, ಅದಕ್ಕೇ ಟೂರ್ಸ್ ಸಭೆ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು' ಎಂಬ ಮಾತು ಹಲವು ವೈದ್ಯ ಇತಿಹಾಸಗಳಲ್ಲಿ ಬರುತ್ತದೆ. ಟೂರ್ಸ್ ಸಭೆಯ ನಿರ್ಣಯಗಳಲ್ಲಿ ಅಂಥ ವಾಕ್ಯವೇ ಇಲ್ಲ. ಅಲ್ಲಿನ ದೂರು ಸನ್ಯಾಸಿಗಳು ಮಠ ತೊರೆದು ಹೋಗುವುದರ ಬಗ್ಗೆ. ಶಸ್ತ್ರಚಿಕಿತ್ಸೆಯ ಮಾತು ಬಂದದ್ದು ಅರ್ಧ ಶತಮಾನ ಕಳೆದ ಮೇಲೆ, ಅದೂ ಬಲಿಪೂಜೆ ಅರ್ಪಿಸುವ ಕೈಯಿಂದ ಯಾರ ಜೀವವೂ ಹೋಗಬಾರದೆಂಬ ಕಾಳಜಿಯಿಂದ. ವೈದ್ಯವಿದ್ಯೆಯನ್ನೇ ಧರ್ಮಸಭೆ ಕೀಳಾಗಿ ಕಂಡಿತೆಂದು ಈ ನಿಯಮಗಳಿಂದ ಹೇಳಲಾಗದು.

ನಿಷೇಧದ ನಡುವೆಯೇ

ಕಾನೂನು ಹೀಗಿದ್ದರೂ ಮಧ್ಯಯುಗದ ದೊಡ್ಡ ಶಸ್ತ್ರವೈದ್ಯರಲ್ಲಿ ಕೆಲವರು ಧರ್ಮಸಭೆಯವರೇ. ಹದಿಮೂರನೇ ಶತಮಾನದ ಇಟಲಿಯ ಥಿಯೊಡೊರಿಕ್ ಬೊರ್ಗೊನ್ಯೋನಿ ಡೊಮಿನಿಕನ್ ಸಭೆಯವರು, ಚೆರ್ವಿಯಾದ ಧರ್ಮಾಧ್ಯಕ್ಷರು. ಗಾಯ ಮಾಗಬೇಕಾದರೆ ಕೀವು ಕಟ್ಟಲೇಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಗಾಯವನ್ನು ವೈನ್‌ನಿಂದ ತೊಳೆದು, ಒಣಗಿಸಿ ಕಟ್ಟಬೇಕೆಂದು ಬರೆದರು. ಹದಿನಾಲ್ಕನೇ ಶತಮಾನದ ಗೀ ದ ಶೋಲಿಯಾಕ್ ಗುರುವರ್ಗಕ್ಕೆ ಸೇರಿದವರು. ಆಗ ಪೋಪ್‌ಗಳು ನೆಲೆಸಿದ್ದ ಅವಿನ್ಯೋನ್‌ನಲ್ಲಿ ಮೂವರು ಪೋಪ್‌ಗಳಿಗೆ ವೈದ್ಯರಾಗಿದ್ದರು. 1348ರ ಮಹಾಪ್ಲೇಗಿನಲ್ಲಿ ಸ್ವತಃ ರೋಗ ತಗುಲಿ ಬದುಕುಳಿದ ಅವರು 1363ರಲ್ಲಿ ಮುಗಿಸಿದ ಶಸ್ತ್ರಚಿಕಿತ್ಸಾ ಗ್ರಂಥವನ್ನು ಯುರೋಪು ಶತಮಾನಗಳ ಕಾಲ ಓದಿತು. ನಿಷೇಧ ಹಾಕಿದ ಪೋಪ್ ಆಸ್ಥಾನವೇ ನುರಿತ ಕೈ ಕಂಡಾಗ ಸಡಿಲಿಕೆಯನ್ನೂ ಕೊಡುತ್ತಿತ್ತು.

ಇನ್ನು ಕೆಲವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದರು. ಪಡುವಾದಲ್ಲಿ ವೈದ್ಯಕೀಯ ಓದಿ ಕ್ರೆಮೋನದಲ್ಲಿ ವೈದ್ಯರಾಗಿದ್ದ ಅಂತೋನಿ ಮರಿಯ ಜಕ್ಕರಿಯ 1520ರ ದಶಕದ ಕೊನೆಗೆ ಗುರುದೀಕ್ಷೆ ಪಡೆದರು. 1897ರಲ್ಲಿ ಸಂತರೆಂದು ಘೋಷಿತರಾದರು. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಅಂಗರಚನಾಶಾಸ್ತ್ರಜ್ಞ. ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ನಾಳಕ್ಕೆ ಇಂದಿಗೂ ಅವರದೇ ಹೆಸರು. 1667ರಲ್ಲಿ ಕಥೋಲಿಕರಾದ ಅವರು 1675ರಲ್ಲಿ ಗುರುವಾದರು, ಎರಡು ವರ್ಷಕ್ಕೆ ಧರ್ಮಾಧ್ಯಕ್ಷರೂ ಆದರು. ದೀಕ್ಷೆಯ ನಂತರ ಅವರ ಸಂಶೋಧನೆ ನಿಂತೇ ಹೋಯಿತು.

1917ರ ಸಂಹಿತೆ ಮತ್ತು ಡಾಕ್ಟರ್ ಸಿಸ್ಟರುಗಳು

ಚದುರಿದ್ದ ನಿಯಮಗಳನ್ನೆಲ್ಲ ಒಟ್ಟುಗೂಡಿಸಿದ 1917ರ ಸಂಹಿತೆ 139ನೇ ವಿಧಿಯಲ್ಲಿ ಖಚಿತವಾಗಿ ಹೇಳಿತು: ರೋಮಿನ ವಿಶೇಷ ಅನುಮತಿ ಇಲ್ಲದೆ ಪಾದ್ರಿಗಳು ವೈದ್ಯವೃತ್ತಿಯನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡಬಾರದು. ಮೀರಿ ಚಿಕಿತ್ಸೆ ಕೊಟ್ಟು ರೋಗಿ ಸತ್ತರೆ, ಅಂಥವರು ದೀಕ್ಷೆಯ ಅಧಿಕಾರಗಳನ್ನು ಚಲಾಯಿಸಲು ಅನರ್ಹರಾಗುತ್ತಿದ್ದರು.

ಈ ಗೋಡೆಯಲ್ಲಿ ಮೊದಲ ದೊಡ್ಡ ಬಿರುಕು ಬಿಟ್ಟದ್ದು ಪಾದ್ರಿಗಳಿಂದಲ್ಲ, ಹೆಂಗಸರಿಂದ. ಅದಕ್ಕೆ ನೆಲವಾದದ್ದು ಭಾರತ. ಪರಪುರುಷ ಡಾಕ್ಟರ ಮುಂದೆ ಬಾರದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದರು. ಚಿಕಿತ್ಸೆ ಕೊಡಲು ಹೆಣ್ಣು ಡಾಕ್ಟರೇ ಬೇಕಿತ್ತು. ಆದರೆ ಸಿಸ್ಟರುಗಳಿಗೆ ವೈದ್ಯವೃತ್ತಿಗೆ, ಅದರಲ್ಲೂ ಹೆರಿಗೆ ಮಾಡಿಸಲು ಅವಕಾಶವಿರಲಿಲ್ಲ. ಮೆಲ್ಬರ್ನ್‌ನ ಡಾಕ್ಟರ್ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆದರು. ಪೋಪ್ ಅವರ ವಿಶೇಷ ಅನುಮತಿ ಪಡೆದು ಅಲ್ಲಿ ವೈದ್ಯಸೇವೆ ನಡೆಸಿದರು. ರಾವಲ್ಪಿಂಡಿಯಲ್ಲಿ ಕೆಲಸ ಮಾಡಿದ ಆಸ್ಟ್ರಿಯಾದ ಡಾಕ್ಟರ್ ಅನ್ನಾ ಡೆಂಗೆಲ್ 1925ರಲ್ಲಿ ಅಮೆರಿಕದಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆ ಕಟ್ಟಿದರು. ಕಾನೂನು ಅಡ್ಡ ಬಂದದ್ದರಿಂದ ಆ ಸಿಸ್ಟರುಗಳು ಆರಂಭದಲ್ಲಿ ಬಹಿರಂಗ ವ್ರತ ಸ್ವೀಕರಿಸುವಂತಿರಲಿಲ್ಲ. 1936ರ ಫೆಬ್ರವರಿಯಲ್ಲಿ ರೋಮ್ ಮಣಿಯಿತು: ಮಿಷನ್ ಪ್ರದೇಶಗಳ ಸಿಸ್ಟರುಗಳು ಹೆರಿಗೆ ಚಿಕಿತ್ಸೆಯೂ ಸೇರಿದಂತೆ ವೈದ್ಯಕೀಯ ಕಲಿತು ವೃತ್ತಿ ನಡೆಸಬಹುದು ಎಂದಿತು.

ಮೇರಿ ಗ್ಲೌರಿ 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಒಕ್ಕೂಟಕ್ಕೆ ಬುನಾದಿ ಹಾಕಿದರು. ಈ ದೇಶಕ್ಕೆ ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಹಂಬಲವಾಗಿತ್ತು. ಅವರು 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.

ಕಂಕನಾಡಿಯ ಫಾದರ್ ಮುಲ್ಲರ್

ಕರ್ನಾಟಕದವರಿಗೆ ಪರಿಚಿತ ಉದಾಹರಣೆ ಮಂಗಳೂರಿನದು. ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದದ್ದು ಡಾಕ್ಟರಾಗಿ ಅಲ್ಲ. ಅವರು ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕಾಯಿಲೆಯವರಿಗೆ ಹೋಮಿಯೋಪತಿ ಗುಳಿಗೆ ಕೊಡುತ್ತಾ, 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ, 1895ರಲ್ಲಿ ಆಸ್ಪತ್ರೆ, ಪ್ಲೇಗ್ ಬಂದಾಗ ಅದಕ್ಕೊಂದು ಪ್ರತ್ಯೇಕ ಆಸ್ಪತ್ರೆ ಹೀಗೆ ಕೆಲಸ ಬೆಳೆಯಿತು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಅಲೋಪತಿ ವೈದ್ಯಕೀಯ ಕಾಲೇಜು ಶುರುವಾದವು.

ಇಂದು ಇದೇ ದಾರಿಯಲ್ಲಿ ಯಾರಿಗೂ ಹೋಗಲಾಗದು. ನೋಂದಾಯಿತ ಪದವಿ ಇಲ್ಲದೆ ಚಿಕಿತ್ಸೆ ಕೊಡುವುದನ್ನು ನೆಲದ ಕಾನೂನು ಒಪ್ಪುವುದಿಲ್ಲ. ಪಾದ್ರಿ ಎಂಬ ಕಾರಣಕ್ಕೆ ವಿನಾಯಿತಿಯೂ ಇಲ್ಲ.

ಎರಡು ಓದು, ಒಂದು ಆಯುಷ್ಯ

ಗುರುಪದವಿಗೆ ಕನಿಷ್ಠ ಆರು ವರ್ಷಗಳ ಓದು: ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೇವಶಾಸ್ತ್ರ. 25 ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ಗುರುದೀಕ್ಷೆ ಇಲ್ಲ. ಯೇಸುಸಭೆಯಂಥ ಕಡೆ ತರಬೇತಿ ಹತ್ತು ವರ್ಷ ದಾಟುತ್ತದೆ. ಇತ್ತ ಭಾರತದಲ್ಲಿ ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ತಜ್ಞರಾಗಬೇಕಾದರೆ ಇನ್ನೂ ಮೂರು ವರ್ಷ. ಎರಡನ್ನೂ ಮುಗಿಸುವಷ್ಟರಲ್ಲಿ ವಯಸ್ಸು ಮೂವತ್ತೈದರ ಆಸುಪಾಸು.

ಆದ್ದರಿಂದ ಹೆಚ್ಚಿನವರು ಮೊದಲು ಡಾಕ್ಟರಾಗಿ ಆಮೇಲೆ ಗುರುಮಠ ಸೇರುತ್ತಾರೆ. ದೀಕ್ಷೆಯ ನಂತರ ವೈದ್ಯಕೀಯ ಓದಿದವರೂ ಇದ್ದಾರೆ. ಅಮೆರಿಕದ ಪ್ಯಾಶನಿಸ್ಟ್ ಗುರು ರಿಚರ್ಡ್ ಫ್ರೆಶೆಟ್ ಹೈಟಿಗೆ ಹೋದ ಮೇಲೆ, ಅಲ್ಲಿನ ಮಕ್ಕಳಿಗೆ ಡಾಕ್ಟರಿಲ್ಲದ್ದನ್ನು ಕಂಡು ಮೆಡಿಕಲ್ ಓದಿ ಮರಳಿದರು.

ಓದು ಮುಗಿದ ಮೇಲೂ ಹೊತ್ತಿನ ಲೆಕ್ಕ ತಪ್ಪುವುದಿಲ್ಲ. ದಿನದ ಜಪಗಳು ಪಾದ್ರಿಗೆ ಕಡ್ಡಾಯ. ಬಲಿಪೂಜೆ, ಪಾಪನಿವೇದನೆ, ಊರವರ ಮದುವೆ ಮತ್ತು ಸಾವುಗಳೂ ಅವರದೇ. ಹತ್ತಾರು ಹಳ್ಳಿಗಳ ಧರ್ಮಕೇಂದ್ರ ನೋಡಿಕೊಳ್ಳುವ ಪಾದ್ರಿಗೆ ನೈಟ್ ಡ್ಯೂಟಿ ಹೊಂದುವುದು ಕಷ್ಟ. ಪಾದ್ರಿ ಡಾಕ್ಟರುಗಳಲ್ಲಿ ಧಾರ್ಮಿಕ ಸಭೆಗಳಿಗೆ ಸೇರಿದವರು ಎದ್ದು ಕಾಣುವುದು ಇದಕ್ಕೇ. ಅಲ್ಲಿ ಒಬ್ಬರನ್ನು ಪೂರ್ತಿ ಆಸ್ಪತ್ರೆಗೇ ಬಿಡಬಹುದು. ಬಡತನದ ವ್ರತ ತೊಟ್ಟವರ ಸಂಬಳ ಸಭೆಗೆ ಸೇರುವುದರಿಂದ ಗಳಿಕೆಯ ಪ್ರಶ್ನೆಯೂ ಉಳಿಯುವುದಿಲ್ಲ.

ಕಲೊಂಗೊ ಮತ್ತು ಟೊಂಜ್

ಇಪ್ಪತ್ತನೇ ಶತಮಾನದ ಎರಡು ಬದುಕುಗಳು ಈ ಜೋಡಿ ಕೆಲಸದ ಸ್ವರೂಪವನ್ನು ತೋರಿಸುತ್ತವೆ. ಇಟಲಿಯ ಜುಸೆಪ್ಪೆ ಅಂಬ್ರೊಸೋಲಿ 1949ರಲ್ಲಿ ವೈದ್ಯ ಪದವಿ, ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ತರಬೇತಿ ಪಡೆದು ಕೊಂಬೋನಿ ಸಭೆ ಸೇರಿದರು. 1955ರಲ್ಲಿ ಗುರುದೀಕ್ಷೆ, ಮರುವರ್ಷವೇ ಉತ್ತರ ಉಗಾಂಡದ ಕಲೊಂಗೊ. ಅಲ್ಲಿದ್ದ ಚಿಕ್ಕ ಔಷಧಾಲಯ ಅವರ ಕೈಯಲ್ಲಿ 350 ಹಾಸಿಗೆಯ ಆಸ್ಪತ್ರೆಯಾಯಿತು. ಸೂಲಗಿತ್ತಿಯರ ಶಾಲೆಯೂ ತೆರೆಯಿತು. 1987ರ ಫೆಬ್ರವರಿಯಲ್ಲಿ ಅಂತರ್ಯುದ್ಧದ ನಡುವೆ ಸೇನೆ ಆಸ್ಪತ್ರೆ ಖಾಲಿ ಮಾಡಿಸಿತು. ಮೂತ್ರಪಿಂಡದ ಕಾಯಿಲೆಯಿದ್ದ ಅವರು ಮಾರ್ಚ್ 27ರಂದು ಲಿರಾದಲ್ಲಿ ಸತ್ತರು. 2022ರ ನವೆಂಬರ್ 20ರಂದು ಕಲೊಂಗೊದಲ್ಲೇ ಅವರನ್ನು ಸಂತಪದವಿಯ ಹಿಂದಿನ ಹಂತವಾದ ಪುನೀತರೆಂದು ಘೋಷಿಸಲಾಯಿತು.

ದಕ್ಷಿಣ ಕೊರಿಯಾದ ಲೀ ತೇ ಸೊಕ್ 1987ರಲ್ಲಿ ಡಾಕ್ಟರಾದವರು. ಮುಂದೆ ಸಲೇಶಿಯನ್ ಸಭೆ ಸೇರಿ 2001ರಲ್ಲಿ ಗುರುವಾದರು. ಇಂದಿನ ದಕ್ಷಿಣ ಸುಡಾನಿನ ಟೊಂಜ್‌ನಲ್ಲಿ ಚಿಕಿತ್ಸಾಲಯ ನಡೆಸಿದರು, ಕುಷ್ಠರೋಗಿಗಳನ್ನು ನೋಡಿಕೊಂಡರು, ಶಾಲೆ ಕಟ್ಟಿದರು, ಯುದ್ಧದ ನಡುವೆ ಬೆಳೆದ ಮಕ್ಕಳನ್ನು ಸೇರಿಸಿ ಬ್ಯಾಂಡ್ ಸೆಟ್ ಮಾಡಿದರು. 2010ರ ಜನವರಿಯಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕುರಿತ ಸಾಕ್ಷ್ಯಚಿತ್ರವನ್ನು ಕೊರಿಯಾದಲ್ಲಿ ದೊಡ್ಡ ಸಂಖ್ಯೆಯಲ್ಲಿ ಜನ ನೋಡಿದರು.

ಇಬ್ಬರೂ ಹೋದದ್ದು ಡಾಕ್ಟರಿಲ್ಲದ ಊರಿಗೆ. ಹೈಟಿಯ ಕಥೆಯೂ ಅದೇ.

ಎರಡು ಬಗೆಯ ಗುಟ್ಟು

ಪಾದ್ರಿ ಡಾಕ್ಟರಿಗೆ ನಿಜವಾದ ಇಕ್ಕಟ್ಟು ಎದುರಾಗುವುದು ರೋಗಿ ಹೇಳಿಕೊಂಡ ಗುಟ್ಟಿನಲ್ಲಿ. ವೈದ್ಯರ ಗೋಪ್ಯತೆಗೆ ಮಿತಿಯಿದೆ. ನ್ಯಾಯಾಲಯ ಆದೇಶಿಸಿದರೆ, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಸಾಂಕ್ರಾಮಿಕವಾದರೆ ಹೇಳಬಹುದು. ಪಾಪನಿವೇದನೆಯ ಗುಟ್ಟಿಗೆ ಅಂಥ ಯಾವ ವಿನಾಯಿತಿಯೂ ಇಲ್ಲ. ನೇರವಾಗಿ ಬಯಲು ಮಾಡಿದ ಪಾದ್ರಿ ಆ ಕ್ಷಣವೇ ಬಹಿಷ್ಕೃತ. 984ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಯಾರಿಗೂ ತಿಳಿಯುವ ಭಯವಿಲ್ಲದಿದ್ದರೂ, ನಿವೇದನೆಯಲ್ಲಿ ಕೇಳಿದ್ದನ್ನು ಹೇಳಿಕೊಂಡವರಿಗೆ ತೊಂದರೆಯಾಗುವಂತೆ ಬಳಸಕೂಡದು.

ಒಬ್ಬಾತ ಶನಿವಾರ ನಿವೇದನೆಯಲ್ಲಿ ತನ್ನ ಕುಡಿತದ ಚಟ ಹೇಳಿಕೊಂಡ ಎನ್ನೋಣ. ಸೋಮವಾರ ಅದೇ ಪಾದ್ರಿಯ ಓಪಿಡಿಗೆ ಹೊಟ್ಟೆನೋವೆಂದು ಬಂದು, ಕುಡಿಯುವುದೇ ಇಲ್ಲ ಎನ್ನುತ್ತಾನೆ. ಪಾದ್ರಿ ಡಾಕ್ಟರು ತನಗೇನೂ ಗೊತ್ತಿಲ್ಲದವರಂತೆಯೇ ಮೊದಲಿಂದ ಪ್ರಶ್ನೆ ಕೇಳಬೇಕು, ಎಲ್ಲರಿಗೂ ಮಾಡಿಸುವ ಪರೀಕ್ಷೆಗಳನ್ನೇ ಮಾಡಿಸಬೇಕು, ಕೇಸ್ ಶೀಟಿನಲ್ಲಿ ಆತ ಹೇಳಿದ್ದನ್ನೇ ಬರೆಯಬೇಕು. ಆತನೇ ಬಾಯಿಬಿಡದೆ ಹಳೆಯ ಮಾತನ್ನು ಎತ್ತುವಂತಿಲ್ಲ. ಚಿಕಿತ್ಸೆ ಕೊಡುವ ರೋಗಿಯ ಪಾಪನಿವೇದನೆಯನ್ನು ಬೇರೆ ಗುರುಗಳಿಗೆ ಬಿಟ್ಟುಕೊಡುವುದೇ ಇದರಿಂದ ಪಾರಾಗುವ ಸುಲಭ ಉಪಾಯ.

ಗುಟ್ಟಿನ ಹೊರಗೂ ಇಕ್ಕಟ್ಟುಗಳಿವೆ. ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡಬಲ್ಲವರು ಗುರು ಮಾತ್ರ. ಡಾಕ್ಟರೇ ಎಣ್ಣೆ ಹಚ್ಚಲು ಬಂದರೆ ಚಿಕಿತ್ಸೆ ಕೈಬಿಟ್ಟರೆಂದು ಮನೆಯವರು ಗಾಬರಿಯಾಗಬಹುದು. ಸಂಸ್ಕಾರವಿರುವುದು ಸಾಯುವವರಿಗಷ್ಟೇ ಅಲ್ಲ, ಗಂಭೀರವಾಗಿ ಕಾಯಿಲೆ ಬಿದ್ದವರಿಗೆಲ್ಲ ಎಂದು ಮೊದಲೇ ತಿಳಿಹೇಳಬೇಕಾಗುತ್ತದೆ. ಅನ್ಯಧರ್ಮದ ರೋಗಿಗಳ ಮುಂದೆ ಎಚ್ಚರ ಇನ್ನೂ ಹೆಚ್ಚು ಬೇಕು. ನೋವಿನಲ್ಲಿರುವವರ ಮೇಲೆ ಡಾಕ್ಟರ ಮಾತಿಗೆ ಇರುವ ತೂಕವನ್ನು ಧರ್ಮಬೋಧನೆಗೆ ಬಳಸಿದರೆ ಎರಡೂ ವೃತ್ತಿಗಳಿಗೆ ಕಳಂಕ.

ಕೈಹಾಕಲಾಗದ ಚಿಕಿತ್ಸೆಗಳು

ಗರ್ಭಪಾತ, ದಯಾಮರಣ, ಪ್ರನಾಳ ಶಿಶು ತಂತ್ರ, ಸಂತಾನ ತಡೆಯಲೆಂದೇ ಮಾಡುವ ಶಸ್ತ್ರಚಿಕಿತ್ಸೆ ಇವನ್ನು ಕಥೋಲಿಕ ಬೋಧನೆ ಒಪ್ಪುವುದಿಲ್ಲ. ಹೀಗಾಗಿ ಸ್ತ್ರೀರೋಗ ವಿಭಾಗದ ದಿನನಿತ್ಯದ ಕೆಲಸದಲ್ಲಿ ಒಂದು ಪಾಲು ಪಾದ್ರಿ ಡಾಕ್ಟರಿಗೆ ಮುಚ್ಚಿದ ಬಾಗಿಲು. ಗುರುವಾಗಬಯಸುವ ಡಾಕ್ಟರ ಹಿಂದಿನ ವೃತ್ತಿಜೀವನವನ್ನೂ ಪರಿಶೀಲಿಸಲಾಗುತ್ತದೆ: ಗರ್ಭಪಾತದಲ್ಲಿ ಕೈಜೋಡಿಸಿದ್ದವರಿಗೆ 1041ನೇ ವಿಧಿಯಂತೆ ದೀಕ್ಷೆಗೆ ಅಡ್ಡಿಯಿದೆ, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ರೋಗ ವಾಸಿಮಾಡಲು ಅಂಗ ಕತ್ತರಿಸಿದ ಶಸ್ತ್ರವೈದ್ಯರಿಗೆ ಇಂಥ ತೊಡಕಿಲ್ಲ. ವಿಧಿ ತಡೆಯುವುದು ದುರುದ್ದೇಶದ ಅಂಗಭಂಗವನ್ನು.

ಬೇರೆ ದಾರಿಗಳು

ಎರಡು ಸೆಳೆತವೂ ಇರುವವರು ಎರಡು ಪದವಿಯನ್ನೂ ಪಡೆಯಲೇಬೇಕೆಂದಿಲ್ಲ. ಸಂತ ಕಮಿಲ್ಲಸ್ ಡಿ ಲೆಲ್ಲಿಸ್ 1582ರಲ್ಲಿ ಕನಸು ಕಂಡು ಕಟ್ಟಿದ ಸಭೆಯವರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಜೀವಕ್ಕೆ ಅಪಾಯವಿದ್ದರೂ ರೋಗಿಗಳ ಸೇವೆ ಮಾಡುತ್ತೇವೆಂಬ ನಾಲ್ಕನೇ ವ್ರತ ತೊಡುತ್ತಾರೆ. ಬೆಂಗಳೂರಿನಲ್ಲಿ ಎಚ್‌ಐವಿ ಪೀಡಿತರ ಆರೈಕೆಯ 'ಸ್ನೇಹದಾನ್' ಅವರದೇ. ವಿವಾಹಿತ ಡಾಕ್ಟರುಗಳು ಕಾಯಂ ಸೇವಾದರ್ಶಿಗಳಾಗಬಹುದು. ಅವರು ತಮ್ಮ ವೃತ್ತಿಯಲ್ಲೇ ಮುಂದುವರಿಯುತ್ತಾರೆ. ಬಲಿಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು ಮಾತ್ರ ಅವರಿಗಿಲ್ಲ.

ಉಳಿದವರ ವಿಷಯದಲ್ಲಿ ಧರ್ಮಾಧ್ಯಕ್ಷರು ಕೇಳುವ ಪ್ರಶ್ನೆಗಳು ಕೆಲವೇ: ಈ ಕೆಲಸಕ್ಕೆ ಅಲ್ಲಿ ಬೇರೆ ಡಾಕ್ಟರಿದ್ದಾರೆಯೇ, ಇವರು ಹೊರಟರೆ ಇಲ್ಲಿಯ ಪೂಜೆಗೆ ಯಾರು, ಸಂಬಳ ಎಲ್ಲಿಗೆ ಹೋಗುತ್ತದೆ? ಕಂಕನಾಡಿ, ಕಲೊಂಗೊಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿತ್ತು. ಡಾಕ್ಟರುಗಳು ಸಾಕಷ್ಟಿದ್ದು ಪಾದ್ರಿಗಳೇ ಕಡಿಮೆಯಿರುವ ಪಟ್ಟಣದಲ್ಲಿ ಉತ್ತರ ಸಾಮಾನ್ಯವಾಗಿ 'ಬೇಡ' ಎಂದೇ ಬರುತ್ತದೆ.